ಬಾತನ್ನು ಕೆರೆಗೆ ಬಿಡಿ



ಮಾಂಜಾ ದಾರ ಸುತ್ತಿಕೊಂಡು ರೆಕ್ಕೆ ಹರಿದಿದ್ದ ಕಾಡುಬಾತೊಂದನ್ನು ಸ್ಯಾಂಕಿ ಕೆರೆಯ ದಡದಿಂದ ಶೇಷಾದ್ರಿಪುರಂನ ನಮ್ಮ ಬಂಧುಗಳು ಮನೆಗೆ ತಂದರು. ಅದು ಪುಣ್ಯದ ಕೆಲಸ. ಈಗ ಗಾಯ ಒಣಗಿದೆ. ಬಾತು ಮಾತ್ರ ತಾರಸಿಯ ಬುಟ್ಟಿಯಲ್ಲೇ ಇದೆ. "ಪಾಪ, ನಮಗೆ ಒಗ್ಗಿಹೋಗಿದೆ ದೊಡ್ಡಪ್ಪ" ಎನ್ನುತ್ತಾರೆ.

ಈ 'ಪಾಪ'ವನ್ನು ನಾನು ಒಪ್ಪಲಾರೆ. ಒಗ್ಗುವುದೆಂದರೆ ಗುಣವಾಗುವುದಲ್ಲ. ಈಜದ ಬಾತಿನ ಗರಿಗಳು ನೀರನ್ನು ತಡೆಯುವ ಗುಣವನ್ನೇ ಕಳೆದುಕೊಳ್ಳುತ್ತವೆ. ಸಿಮೆಂಟು ನೆಲದಿಂದ ಅಂಗಾಲು ಹುಣ್ಣಾಗುತ್ತದೆ. ವಾಸಿಯಾದ ರೆಕ್ಕೆಗೆ ಹಾರಾಟದ ಅಭ್ಯಾಸ ಬೇಕು. ಕೊನೆಗೆ ತನ್ನ ಜಾತಿಯ ಹಕ್ಕಿಗಳಿರುವ ಕೆರೆ ಬೇಕು. ಇದನ್ನೆಲ್ಲ ಬಲ್ಲ ವನ್ಯಜೀವಿ ಆಸ್ಪತ್ರೆ ಕೆಂಗೇರಿಯ ಬಳಿಯಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಕಾಡುಬಾತನ್ನು ಮನೆಯಲ್ಲಿ ಸಾಕಲು ಬಿಡುವುದಿಲ್ಲ.

ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲೇ ನಿಷೇಧಿಸಿತು. ಆದರೂ ಮರಗಳಲ್ಲಿ ಅದೇ ದಾರ ತೂಗಾಡುತ್ತಿದೆ. ಗಾಯ ಮಾಡುವವರೂ ನಾವೇ, ಮುದ್ದಿನ ಹೆಸರಿನಲ್ಲಿ ಸೆರೆಯಿಡುವವರೂ ನಾವೇ!

ನಾನೂ ತಪ್ಪಿತಸ್ಥನೇ. ಸೇವೆಯಲ್ಲಿದ್ದಾಗ ರೆಕ್ಕೆ ಮುರಿದ ಬಾತೊಂದನ್ನು, ಪಾಠಕ್ಕೆ ಅನುಕೂಲವೆಂದು, ತರಗತಿಯ ಮೂಲೆಯಲ್ಲಿ ಸಾಕಿದ್ದೆ. ನಿಮ್ಮಲ್ಲಿ ಕೆಲವರು ಅದಕ್ಕೆ ಭತ್ತ ತಂದುಕೊಟ್ಟವರು. ಅದು ಮತ್ತೆ ಹಾರಲೇ ಇಲ್ಲ. ಅಂದು ನಾನು ಕಲಿಸಿದ್ದು ಹಕ್ಕಿಯ ಪಾಠವಲ್ಲ, ಹಿಡಿದಿಟ್ಟುಕೊಳ್ಳುವ ಪಾಠ. ಅದನ್ನು ಇಂದು ಹಿಂದಕ್ಕೆ ಪಡೆಯುತ್ತಿದ್ದೇನೆ.

ಬಂಧುಗಳಿಗೆ ಹೇಳಿದ್ದೇನೆ: ನಾಳೆ ಬೆಳಿಗ್ಗೆ ಬುಟ್ಟಿ ಸಿದ್ಧವಿರಲಿ, ಕೆಂಗೇರಿಗೆ ನಾನೂ ಬರುತ್ತೇನೆ.