ಬಿಸಿಯೂಟವೂ ಹಿತವಚನವೂ

ಆರೋಗ್ಯಕರವಾದ ಆಹಾರವನ್ನು ಆರಿಸಿ ತಿನ್ನಿರಿ ಎಂದು ಮಕ್ಕಳಿಗೆ ಬೋಧಿಸುವುದು ಈಗ ನಮ್ಮಲ್ಲಿ ಒಂದು ಶಿಷ್ಟಾಚಾರವಾಗಿದೆ. ಪಠ್ಯಪುಸ್ತಕದಲ್ಲಿ ಅದಕ್ಕೊಂದು ಪಾಠವುಂಟು. ಶಾಲೆಯ ಗೋಡೆಯ ಮೇಲೆ ಹಾಲು, ಹಣ್ಣು, ಸೊಪ್ಪು, ಕಾಳುಗಳ ಬಣ್ಣದ ಚಿತ್ರವುಂಟು. ವರ್ಷಕ್ಕೊಮ್ಮೆ ಪೋಷಣ ಮಾಸಾಚರಣೆಯೆಂಬ ಉತ್ಸವವುಂಟು. ಉತ್ಸವವೆಂದ ಮೇಲೆ ಭಾಷಣವಂತೂ ಉಂಟೇ ಉಂಟು. ಭಾಷಣ ಕೇಳಿ ಮುಗಿಸಿದ ಹುಡುಗ ಮಧ್ಯಾಹ್ನದ ಗಂಟೆ ಬಾರಿಸಿದೊಡನೆ ತಟ್ಟೆ ಹಿಡಿದು ಸಾಲಿನಲ್ಲಿ ಕುಳಿತುಕೊಳ್ಳುತ್ತಾನೆ. ಅವನು ಆರಿಸಬೇಕಾದದ್ದು ಏನನ್ನು? ಅನ್ನ ಸಾರು ಬಡಿಸಿದರೆ ಅನ್ನ ಸಾರನ್ನು, ಬಿಸಿಬೇಳೆಭಾತು ಬಡಿಸಿದರೆ ಬಿಸಿಬೇಳೆಭಾತನ್ನು. ಬೇಡವೆಂದರೆ ಹಸಿದಿರುವ ಸ್ವಾತಂತ್ರ್ಯ ಅವನಿಗೆ ಇದ್ದೇ ಇದೆ.

ಆ ತಟ್ಟೆಗೆ ಏನು ಬೀಳಬೇಕೆಂಬುದನ್ನು ಆರಿಸುವವರು ಬೇರೆ ಇದ್ದಾರೆ. ದೆಹಲಿಯ ಕಚೇರಿ ತೂಕವನ್ನು ಗೊತ್ತುಮಾಡುತ್ತದೆ. ಆಹಾರ ನಿಗಮದ ಉಗ್ರಾಣದಲ್ಲಿ ಏನು ತುಂಬಿದೆಯೋ ಅದು ಧಾನ್ಯವನ್ನು ಗೊತ್ತುಮಾಡುತ್ತದೆ. ಬೆಂಗಳೂರಿನ ಕಚೇರಿ ಪೈಸೆಗಳನ್ನು ಎಣಿಸುತ್ತದೆ. ಇಷ್ಟು ಸಾಲದೆಂದು ಸಮಾಜದ ಹಿರಿಯರು ಯಾವುದು ಶುದ್ಧ, ಯಾವುದು ಅಶುದ್ಧವೆಂದು ತೀರ್ಪು ಕೊಡುತ್ತಾರೆ. ಇಷ್ಟು ಜನರಲ್ಲಿ ಯಾರ ಮಗುವಾದರೂ ಆ ಸಾಲಿನಲ್ಲಿ ಕುಳಿತಿರುವುದು ಅಪರೂಪ. ನನ್ನ ತಕರಾರು ಇಷ್ಟೆ: ಆರಿಸುವವರು ಉಣ್ಣುವುದಿಲ್ಲ; ಉಣ್ಣುವವರಿಗೆ ಆಯ್ಕೆಯ ಪಾಠ ಮಾತ್ರ ತಪ್ಪುವುದಿಲ್ಲ.

ಬಿಸಿಯೂಟವೇ ದಂಡವೆನ್ನುವವರ ಪಂಗಡ ನನ್ನದಲ್ಲವೆಂದು ಮೊದಲೇ ಹೇಳಿಬಿಡುತ್ತೇನೆ. 1995ರಲ್ಲಿ ಕೇಂದ್ರದ ಯೋಜನೆ ಆರಂಭವಾದಾಗ ಹೆಚ್ಚಿನ ರಾಜ್ಯಗಳು ಮಕ್ಕಳಿಗೆ ತಿಂಗಳಿಗಿಷ್ಟು ಧಾನ್ಯ ಅಳೆದುಕೊಟ್ಟು ಕೈತೊಳೆದುಕೊಂಡವು. 2001ರ ನವೆಂಬರ್ 28ರಂದು ಸರ್ವೋಚ್ಚ ನ್ಯಾಯಾಲಯವು ಬೇಯಿಸಿದ ಊಟವನ್ನೇ ಬಡಿಸಬೇಕು, ಅದರಲ್ಲಿ ಕನಿಷ್ಠ 300 ಕ್ಯಾಲೊರಿ ಶಕ್ತಿ, 8ರಿಂದ 12 ಗ್ರಾಂ ಸಸಾರಜನಕ ಇರಬೇಕು, ವರ್ಷಕ್ಕೆ 200 ದಿನವಾದರೂ ಬಡಿಸಬೇಕು ಎಂದು ಆಜ್ಞೆ ಮಾಡಿದ ಮೇಲೆ ಒಲೆಗಳು ಹೊತ್ತಿದವು. ಕರ್ನಾಟಕದಲ್ಲಿ 2002ರಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ‘ಅಕ್ಷರ ದಾಸೋಹ’ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. 2013ರ ಆಗಸ್ಟಿನಿಂದ ಹಾಲು ಬಂತು. ಅಮೆರಿಕದಿಂದ ಹಡಗಿನಲ್ಲಿ ಬಂದ ಗೋಧಿ ನುಚ್ಚಿನ ‘ಕೇರ್’ ಉಪ್ಪಿಟ್ಟನ್ನು ತಿಂದು ಬೆಳೆದ ಒಂದು ತಲೆಮಾರು ನಮ್ಮಲ್ಲಿ ಇನ್ನೂ ಇದೆ; ಅವರನ್ನು ಕೇಳಿದರೆ ಶಾಲೆಯಲ್ಲಿ ಒಂದು ಹೊತ್ತಿನ ಊಟ ಸಿಗುವುದೆಂದರೇನು ಎಂಬುದನ್ನು ಅವರೇ ಹೇಳಿಯಾರು. ಎಲ್ಲ ಜಾತಿಯ ಮಕ್ಕಳು ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವ ದೃಶ್ಯವನ್ನು ಭಾಷಣಗಳು ಸಾಧಿಸಲಿಲ್ಲ, ಅನ್ನ ಬಹುಮಟ್ಟಿಗೆ ಸಾಧಿಸಿತು. ಹೊಟ್ಟೆ ತುಂಬುತ್ತಿದೆ. ಮೈ ತುಂಬುತ್ತಿದೆಯೇ ಎಂಬುದು ಬೇರೆ ಪ್ರಶ್ನೆ.

ಈಗ ಲೆಕ್ಕಕ್ಕೆ ಬರೋಣ. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇದರಿಂದ 450 ಕ್ಯಾಲೊರಿಯೂ 12 ಗ್ರಾಂ ಸಸಾರಜನಕವೂ ದೊರೆಯಬೇಕೆಂದು ನಿಯಮ. ಸಸಾರಜನಕವೆಂದರೆ ಈಗ ಎಲ್ಲರ ಬಾಯಲ್ಲಿರುವ ಪ್ರೋಟೀನು. ಈ 12 ಗ್ರಾಂ ಎಲ್ಲಿಂದ ಬರುತ್ತದೆ ನೋಡಿ: ಏಳೆಂಟು ಗ್ರಾಂ ಅಕ್ಕಿಯಿಂದ, ನಾಲ್ಕು ಚಿಲ್ಲರೆ ಬೇಳೆಯಿಂದ. ಕಾಗದದ ಮೇಲೆ ಲೆಕ್ಕ ಚೊಕ್ಕ. ಆದರೆ ಸಸಾರಜನಕವೆಲ್ಲ ಒಂದೇ ಜಾತಿಯದಲ್ಲ. ಅಕ್ಕಿಯದರಲ್ಲಿ ಲೈಸೀನ್ ಎಂಬ ಅವಶ್ಯ ಅಂಶ ಕಡಮೆ. ಆ ಕೊರತೆಯನ್ನು ಬೇಳೆ ತುಂಬಿಕೊಡಬಲ್ಲುದು. ನಮ್ಮ ಹಿರಿಯರು ಅನ್ನಕ್ಕೆ ಬೇಳೆ ಕೂಡಿಸಿದ್ದು ಸುಮ್ಮನೆ ಅಲ್ಲ. ಕೂಡಿಸುವ ಪ್ರಮಾಣ ಮಾತ್ರ ಮೂರಕ್ಕೆ ಒಂದರಷ್ಟಾದರೂ ಇರಬೇಕೆಂದು ಪೋಷಣ ಶಾಸ್ತ್ರಜ್ಞರು ಹೇಳುತ್ತಾರೆ. ಇಲ್ಲಿ ಐದಕ್ಕೆ ಒಂದು. ಅದೂ ತೂಕದ ಬೇಳೆ ಪೂರ್ತಿ ಕೊಳದಪ್ಪಲೆಗೆ ಬಿದ್ದರೆ! ತಟ್ಟೆಯ ಸಾರಿನಲ್ಲಿ ಬೇಳೆಯನ್ನು ಹುಡುಕುವ ಆಟ ನಮ್ಮ ಮಕ್ಕಳಿಗೆ ಹೊಸದಲ್ಲ.

ಇದರ ಫಲ ಎಲ್ಲಿ ಕಾಣುತ್ತದೆ ಎಂದು ಕೇಳುವವರು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನು ತೆರೆದು ನೋಡಬಹುದು. ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 35 ಮಕ್ಕಳು ವಯಸ್ಸಿಗೆ ತಕ್ಕ ಎತ್ತರಕ್ಕೆ ಬೆಳೆದಿಲ್ಲ. ನೂರಕ್ಕೆ 65ಕ್ಕೂ ಹೆಚ್ಚು ಮಕ್ಕಳಲ್ಲಿ ರಕ್ತಹೀನತೆ. ಅದಕ್ಕೆ ಹಿಂದಿನ ಸಮೀಕ್ಷೆಯಲ್ಲಿ ಈ ಎರಡನೆಯ ಅಂಕ 61ರ ಆಸುಪಾಸಿನಲ್ಲಿತ್ತು. ಹೀಗೆ ಬಡಕಲಾಗಿ ಬೆಳೆದ ಮಗುವೇ ಆರನೆಯ ವರ್ಷಕ್ಕೆ ಚೀಲ ಹೆಗಲಿಗೇರಿಸಿಕೊಂಡು ಶಾಲೆಯ ಬಾಗಿಲಿಗೆ ಬರುತ್ತದೆ. ಅದಕ್ಕೆ ನಾವು ಗೋಡೆಯ ಚಿತ್ರವನ್ನು ತೋರಿಸುತ್ತೇವೆ.

2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಊಟದ ಜೊತೆಗೆ ಬೇಯಿಸಿದ ಮೊಟ್ಟೆ ಕೊಡಲು ಆರಂಭಿಸಿದರು. ಕೊಟ್ಟ ಮರುಕ್ಷಣವೇ ಗದ್ದಲ. ಕೆಲವು ಮಠಾಧೀಶರು ಶಾಲೆಯಲ್ಲಿ ಮೊಟ್ಟೆ ಕೂಡದೆಂದರು, ಹೋರಾಟದ ಎಚ್ಚರಿಕೆ ಕೊಟ್ಟರು. ನಮ್ಮ ನಾಡಿನ ಮಠಗಳು ಅನ್ನದಾನದಲ್ಲಿ ಮಾಡಿರುವ ಸೇವೆಯನ್ನು ನಾನು ಬಲ್ಲೆ. ತುಮಕೂರಿನ ಸಿದ್ಧಗಂಗೆಯಲ್ಲಿ ದಿನವೂ ಸಾವಿರಾರು ಮಕ್ಕಳು ಉಂಡು ಓದುವುದನ್ನು ಕಂಡವರು ಕೈಮುಗಿಯದೆ ಬರುವುದಿಲ್ಲ. ಮಠದ ಅಡಿಗೆಮನೆಯಲ್ಲಿ ಏನು ಬೇಯಬೇಕೆಂಬುದು ಮಠಕ್ಕೆ ಬಿಟ್ಟದ್ದು. ಸರ್ಕಾರಿ ಶಾಲೆಯ ಅಡಿಗೆಮನೆ ಮಠದ್ದಲ್ಲ. ಅಲ್ಲಿ ಕುಳಿತ ಮಕ್ಕಳಲ್ಲಿ ಬಹುಪಾಲು ಮನೆಯಲ್ಲಿ ಮೊಟ್ಟೆ ತಿನ್ನುವವರೇ. ಅವರ ಮನೆಯಲ್ಲಿ ಅದು ದಿನವೂ ಸಿಗುವುದಿಲ್ಲ, ಅಷ್ಟೆ. ಬೇಕೇ ಬೇಡವೇ ಎಂದು ಕೇಳಿ, ಬೇಡವೆಂದವರಿಗೆ ಬಾಳೆಹಣ್ಣು ಕೊಟ್ಟಾಗ ಹೆಚ್ಚಿನ ಮಕ್ಕಳು ಮೊಟ್ಟೆಯ ಕಡೆಗೇ ಕೈಚಾಚಿದರು. ಆರಿಸಿಕೊಳ್ಳಿರಿ ಎಂದು ನಾವೇ ಕಲಿಸಿದೆವು, ಅವರು ಆರಿಸಿಕೊಂಡರು. ಈಗ ಆಯ್ಕೆ ತಪ್ಪೆನ್ನುತ್ತೇವೆ!

ಮೊಟ್ಟೆಯ ವಿರುದ್ಧ ಧರ್ಮದ ವಾದವೊಂದೇ ಇದ್ದಿದ್ದರೆ ಅದು ನಂಬಿಕೆಯ ಮಾತೆಂದು ಬಿಡಬಹುದಾಗಿತ್ತು. ವಿಜ್ಞಾನದ ವೇಷ ತೊಟ್ಟು ಬಂದ ವಾದವೂ ಒಂದಿದೆ. ರಾಷ್ಟ್ರೀಯ ಶಿಕ್ಷಣ ನೀತಿಯ ಸಲುವಾಗಿ ರಾಜ್ಯದಲ್ಲಿ ಸಿದ್ಧಪಡಿಸಿ 2022ರಲ್ಲಿ ಹೊರಬಂದ ಒಂದು ನಿಲುವು ಪತ್ರದಲ್ಲಿ, ಭಾರತೀಯರದು ಸಣ್ಣ ಮೈಕಟ್ಟು, ಮೊಟ್ಟೆ ಮಾಂಸಗಳನ್ನು ನಿತ್ಯವೂ ತಿಂದರೆ ಕೊಲೆಸ್ಟರಾಲಿನ ಮೂಲಕ ಒದಗುವ ಹೆಚ್ಚಿನ ಶಕ್ತಿಯಿಂದ ಜೀವನಶೈಲಿಯ ರೋಗಗಳು ಬರುತ್ತವೆ ಎಂಬ ಅರ್ಥದ ಮಾತಿತ್ತು. ಕೊಲೆಸ್ಟರಾಲನ್ನು ಸುಟ್ಟು ಶಕ್ತಿಯಾಗಿಸುವ ಯಂತ್ರ ಮನುಷ್ಯದೇಹದಲ್ಲಿ ಇಲ್ಲವೆಂಬುದನ್ನು ಕಾಲೇಜಿನ ಹುಡುಗರೂ ಹೇಳಿಯಾರು. ಒಂದು ಮೊಟ್ಟೆಯ ಒಟ್ಟು ಶಕ್ತಿ ಸುಮಾರು 75 ಕ್ಯಾಲೊರಿ. ಇನ್ನು ಸಣ್ಣ ಮೈಕಟ್ಟಿನ ಮಾತು. ತಲೆಮಾರುಗಳಿಂದ ಅರೆಹೊಟ್ಟೆ ಉಂಡವರ ಮೈಕಟ್ಟು ಸಣ್ಣದಾಗುತ್ತದೆ; ಸಣ್ಣದಾದ್ದರಿಂದ ಪುಷ್ಟಿಯ ಆಹಾರ ಅವರಿಗೆ ಆಗದು; ಆಗದ್ದರಿಂದ ಕೊಡಕೂಡದು; ಕೊಡದಿದ್ದರೆ ಮೈಕಟ್ಟು ಸಣ್ಣದಾಗಿಯೇ ಉಳಿಯುತ್ತದೆ. ಈ ತರ್ಕ ಗಾಣದ ಎತ್ತಿನ ತರ್ಕ. ಅದೇ 2022ರಲ್ಲಿ, ಮೊಟ್ಟೆ ತಿಂದ ಯಾದಗಿರಿಯ ಮಕ್ಕಳನ್ನೂ ತಿನ್ನದ ಗದಗಿನ ಮಕ್ಕಳನ್ನೂ ತೂಗಿ ನೋಡಿದ ಅಧ್ಯಯನವೊಂದು ಹೊರಬಂತು. ತಿಂದವರ ಬೆಳವಣಿಗೆ ಮುಂದಿತ್ತು.

ಮೊಟ್ಟೆಯಲ್ಲಿ ಏನಿದೆ? ಸುಮಾರು 6 ಗ್ರಾಂ ಸಸಾರಜನಕ, ಅದೂ ಎಲ್ಲ ಅವಶ್ಯ ಅಂಶಗಳು ತುಂಬಿಕೊಂಡದ್ದು. ‘ಎ’ ಜೀವಸತ್ವ, ಸಸ್ಯಗಳಲ್ಲಿ ದೊರೆಯದ ಬಿ-12 ಜೀವಸತ್ವ. ಇನ್ನೊಂದು ಗುಣವನ್ನು ಶಾಸ್ತ್ರಗ್ರಂಥಗಳು ಹೇಳುವುದಿಲ್ಲ, ನಾನು ಹೇಳುತ್ತೇನೆ. ಸಾರಿಗೆ ನೀರು ಬೆರೆಸಬಹುದು, ಹಾಲಿಗೆ ಬೆರೆಸಬಹುದು, ಬೇಳೆಯ ತೂಕದಲ್ಲಿ ಕೈಚಳಕ ತೋರಬಹುದು. ಮೊಟ್ಟೆಯೊಳಕ್ಕೆ ನೀರು ಹೊಯ್ಯುವ ಗುತ್ತಿಗೆದಾರ ಇನ್ನೂ ಹುಟ್ಟಿಲ್ಲ. ತಟ್ಟೆಗೆ ಬಂದರೆ ಇಡಿಯಾಗಿ ಬರುತ್ತದೆ, ಬಾರದಿದ್ದರೆ ಬಾರದ್ದು ಎಲ್ಲರಿಗೂ ಕಾಣುತ್ತದೆ.

ಬಾಳೆಹಣ್ಣಿನಲ್ಲಿ ಏನಿದೆ? ಸಕ್ಕರೆ ಇದೆ, ಪಿಷ್ಟವಿದೆ, ಪೊಟ್ಯಾಸಿಯಂ ಇದೆ. ಸಸಾರಜನಕ ಒಂದು ಗ್ರಾಮು ತುಂಬುವುದೇ ಕಷ್ಟ. ಒಳ್ಳೆಯ ಹಣ್ಣು, ನನಗೂ ಪ್ರಿಯ. ಆದರೆ ಮೊಟ್ಟೆಗೆ ಬದಲು ಬಾಳೆಹಣ್ಣು ಎಂಬ ಸಮೀಕರಣ ಯಾವ ಶಾಸ್ತ್ರದಿಂದ ಬಂತು? ಎರಡರ ಬೆಲೆ ಹತ್ತಿರ ಹತ್ತಿರವಿದೆ ಎಂಬ ಒಂದೇ ಶಾಸ್ತ್ರದಿಂದ. ಅಚ್ಚರಿಯ ಸಂಗತಿಯೆಂದರೆ, ಸಸ್ಯಾಹಾರದ ಪಕ್ಷ ಹಿಡಿದು ಬೀದಿಗಿಳಿದವರು ಈ ಬಾಳೆಹಣ್ಣನ್ನು ಮರುಮಾತಿಲ್ಲದೆ ಒಪ್ಪಿದ್ದು. ಇದರಿಂದ ಮೋಸಹೋದವರು ಯಾರು? ಮೊಟ್ಟೆ ತಿನ್ನದ ಮನೆಯ ಮಕ್ಕಳು, ಅಂದರೆ ಅವರದೇ ಮಕ್ಕಳು! ಪಕ್ಕದ ಹುಡುಗನಿಗೆ ಆರು ಗ್ರಾಂ ಸಿಕ್ಕಿದಾಗ ತಮ್ಮವನಿಗೂ ಆರು ಗ್ರಾಂ ಸಿಗಬೇಕೆಂದು ಕೇಳಿದ್ದರೆ ಆ ಹೋರಾಟಕ್ಕೆ ಅರ್ಥವಿತ್ತು. 25 ಗ್ರಾಂ ಹುರಿದ ಕಡಲೆಕಾಯಿ ಬೀಜದಲ್ಲಿ ಅಷ್ಟು ಇದೆ. ಮೈಸೂರಿನ ಕೇಂದ್ರೀಯ ಆಹಾರ ಸಂಶೋಧನಾಲಯ ಸ್ಥಾಪನೆಯಾದದ್ದು 1950ರಲ್ಲಿ. ಕಡಲೆಕಾಯಿ ಹಿಟ್ಟಿಗೆ ಕಡಲೆಹಿಟ್ಟು ಬೆರೆಸಿ ಬಡವರಿಗಾಗಿ ‘ಬಹೂಪಯೋಗಿ ಆಹಾರ’ವನ್ನು ಅದು ಆಗಲೇ ತಯಾರಿಸಿ ತೋರಿಸಿತ್ತು. ದಾರಿ ಗೊತ್ತಿಲ್ಲದ್ದಲ್ಲ. ಕಡಲೆಕಾಯಿ ಚಿಕ್ಕಿ ಪಟ್ಟಿಯಲ್ಲಿ ಇದ್ದೂ ಇತ್ತು. ಗುಣಮಟ್ಟ ಸರಿಯಿಲ್ಲವೆಂದು 2025ರ ಆರಂಭದಲ್ಲಿ ನಿಲ್ಲಿಸಿದರು. ಚಿಕ್ಕಿ ಕೆಟ್ಟಿದ್ದರೆ ಕೆಡದ ಚಿಕ್ಕಿ ತರಿಸಬೇಕು, ಇಲ್ಲವೇ ಬರಿಯ ಬೀಜವನ್ನೇ ಹುರಿದುಕೊಡಬೇಕು. ಬಾಳೆಹಣ್ಣಿನ ಸಿಪ್ಪೆಯಲ್ಲಿ ಪ್ರಶ್ನೆಯನ್ನು ಸುತ್ತಿ ಎಸೆಯುವುದಲ್ಲ.

ಒಬ್ಬರಿಗೊಂದು ಇನ್ನೊಬ್ಬರಿಗೊಂದು ಕೊಟ್ಟರೆ ಮಕ್ಕಳಲ್ಲಿ ಭೇದ ಹುಟ್ಟುತ್ತದೆಂದು ಹೇಳುವವರೂ ಇದ್ದಾರೆ. ಮಕ್ಕಳು ಬುತ್ತಿ ಬಿಚ್ಚಿದಾಗ ಒಬ್ಬನದು ರೊಟ್ಟಿ, ಒಬ್ಬನದು ಮುದ್ದೆ. ಅದರಿಂದ ಹುಟ್ಟದ ಭೇದ ಮೊಟ್ಟೆಯಿಂದ ಹುಟ್ಟುವುದಾದರೆ ಅದನ್ನು ಹುಟ್ಟಿಸುತ್ತಿರುವವರು ಮಕ್ಕಳಲ್ಲ. 2025ರಲ್ಲಿ ಮಂಡ್ಯ ಜಿಲ್ಲೆಯ ಒಂದು ಹಳ್ಳಿಯಲ್ಲಿ, ದೇವಸ್ಥಾನದ ಬಳಿಯ ಶಾಲೆಯಲ್ಲಿ ಮೊಟ್ಟೆ ಬೇಯಿಸಕೂಡದೆಂದು ಜಗಳವಾಡಿ ತಂದೆತಾಯಿಗಳು ಎಷ್ಟೋ ಮಕ್ಕಳನ್ನು ಬೇರೆ ಶಾಲೆಗೆ ಸೇರಿಸಿಬಿಟ್ಟರು. ಜಗಳ ಹಿರಿಯರದು, ಶಾಲೆ ಬಿಟ್ಟವರು ಕಿರಿಯರು.

ಮೊಟ್ಟೆಯ ಗದ್ದಲದಲ್ಲಿ ರಾಗಿಯ ಕೂಗು ಯಾರಿಗೂ ಕೇಳಿಸಲಿಲ್ಲ. ಕನಕದಾಸರು ‘ರಾಮಧಾನ್ಯಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ವ್ಯಾಜ್ಯ ಹೂಡಿ ಕೊನೆಗೆ ರಾಗಿಯನ್ನು ಗೆಲ್ಲಿಸಿದರು. ಆಹಾರ ನಿಗಮದ ಮುಂದೆ ಆ ವ್ಯಾಜ್ಯ ಮತ್ತೆ ನಡೆದು ಭತ್ತವೇ ಗೆದ್ದಿತೆಂದು ಕಾಣುತ್ತದೆ. 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿಗೂ ಮೇಲೆ ಸುಣ್ಣಾಂಶವಿದೆ. ಪಾಲಿಷ್ ಅಕ್ಕಿಯಲ್ಲಿ ಅದರ ಇಪ್ಪತ್ತನೆಯ ಒಂದು ಪಾಲೂ ಇಲ್ಲ. ರಾಗಿ ಬೆಳೆಯುವ ಹಾಸನ, ತುಮಕೂರು, ಕೋಲಾರಗಳ ಮಗು, ಜೋಳ ಬೆಳೆಯುವ ವಿಜಯಪುರದ ಮಗು, ಮನೆಯ ಧಾನ್ಯವನ್ನು ಮನೆಯಲ್ಲೇ ಬಿಟ್ಟು ಶಾಲೆಯಲ್ಲಿ ಬಿಳಿ ಅನ್ನವನ್ನು ಉಣ್ಣುತ್ತದೆ. 2024ರಲ್ಲಿ ಹಾಲಿಗೆ ರಾಗಿಯ ಪುಡಿ ಬೆರೆಸಿ ಕೊಡುವ ಕ್ರಮ ಬಂದದ್ದು ಸಂತೋಷ. ರಾಗಿ ಹಿಂಬಾಗಿಲಿನಿಂದಾದರೂ ಒಳಗೆ ಬಂತು.

ಮಗುವಿಗೆ ನಿಜವಾದ ಆಯ್ಕೆ ಇರುವ ಜಾಗ ಒಂದೇ, ಶಾಲೆಯ ಗೇಟಿನೆದುರಿನ ಪೆಟ್ಟಿಗೆ ಅಂಗಡಿ. ಐದು ರೂಪಾಯಿಗೆ ಉಪ್ಪು, ಎಣ್ಣೆ, ಗಾಳಿ ತುಂಬಿದ ಹೊಳಪಿನ ಪೊಟ್ಟಣ. ಅತಿ ಕೊಬ್ಬು, ಉಪ್ಪು, ಸಕ್ಕರೆಯ ತಿಂಡಿಗಳನ್ನು ಶಾಲೆಯಿಂದ 50 ಮೀಟರ್ ಒಳಗೆ ಮಾರಬಾರದೆಂದು 2020ರ ನಿಯಮವೊಂದಿದೆ. ಅಳತೆಯ ಪಟ್ಟಿ ಹಿಡಿದು ಯಾರಾದರೂ ಹೊರಟರೆ ತಿಳಿದೀತು, ನಿಯಮ ಎಷ್ಟು ಮೀಟರ್ ನಡೆದಿದೆಯೆಂದು.

ಕೊನೆಗೆ ಹಣದ ಮಾತು. 2025ರ ಮೇ ತಿಂಗಳಿಂದ ಕೇಂದ್ರ ಗೊತ್ತುಮಾಡಿದ ಸಾಮಗ್ರಿ ವೆಚ್ಚ ಪ್ರಾಥಮಿಕ ತರಗತಿಯ ಒಂದು ಮಗುವಿಗೆ ದಿನಕ್ಕೆ 6 ರೂಪಾಯಿ 78 ಪೈಸೆ. ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಸೌದೆ ಅಥವಾ ಅನಿಲ ಎಲ್ಲವೂ ಇದರೊಳಗೆ. ಬೆಂಗಳೂರಿನ ದರ್ಶಿನಿಯಲ್ಲಿ ನಿಂತು ಕುಡಿಯುವ ಒಂದು ಲೋಟ ಕಾಫಿ ಈ ಬೆಲೆಗೆ ಸಿಗುವುದಿಲ್ಲ. ಅಡಿಗೆಯವರಿಗೆ ಕೇಂದ್ರದ ಲೆಕ್ಕದಲ್ಲಿ 2009ರಲ್ಲಿ ಗೊತ್ತಾದ ಗೌರವಧನ ತಿಂಗಳಿಗೆ 1,000 ರೂಪಾಯಿ. ಹದಿನೈದು ವರ್ಷ ದಾಟಿದರೂ ಆ ಅಂಕ ಕದಲಲಿಲ್ಲ, ರಾಜ್ಯವೇ ತನ್ನ ಕೈಯಿಂದ ಕೂಡಿಸಬೇಕಾಯಿತು. ಸಂಬಳವೆಂದರೆ ಹಕ್ಕಾಗುತ್ತದೆ, ಆದ್ದರಿಂದ ಗೌರವಧನ. ಮೊಟ್ಟೆಯೊಂದಕ್ಕೆ 6 ರೂಪಾಯಿ ಗೊತ್ತುಮಾಡಿದಾಗ ಅದರಲ್ಲಿ ಸುಲಿಯುವ ಕೂಲಿಯೆಂದು ಆ ಹೆಂಗಸರ ಪಾಲಿಗೆ ಬಂದದ್ದು 30 ಪೈಸೆ.

ಆ ಮೊಟ್ಟೆಯೂ ಪೂರ್ತಿ ಸರ್ಕಾರದ್ದಲ್ಲ. ರಾಜ್ಯ ವಾರಕ್ಕೆ ಎರಡು ದಿನಕ್ಕೆ ನಿಂತಿತು. ಉಳಿದ ನಾಲ್ಕು ದಿನದ ಖರ್ಚನ್ನು 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನ ವಹಿಸಿಕೊಂಡಿತು, ಮೂರು ವರ್ಷಗಳ ಒಪ್ಪಂದದ ಮೇಲೆ. ಕೊಟ್ಟವರಿಗೆ ವಂದನೆ. ಆದರೆ ಮಕ್ಕಳು ಮೂರು ವರ್ಷಕ್ಕೆ ಬೆಳೆದು ಮುಗಿಯುವುದಿಲ್ಲ. ಒಂದನೆಯ ತರಗತಿಗೆ 2024ರಲ್ಲಿ ಸೇರಿದ ಹುಡುಗಿ 2027ರಲ್ಲಿ ನಾಲ್ಕನೆಯ ತರಗತಿಯಲ್ಲಿರುತ್ತಾಳೆ. ಆ ವರ್ಷದ ಆಯವ್ಯಯದಲ್ಲಿ ಈ ನಾಲ್ಕು ಮೊಟ್ಟೆಗಳು ಯಾವ ಲೆಕ್ಕದ ಶೀರ್ಷಿಕೆಯ ಕೆಳಗೆ ಬರುತ್ತವೆಂದು ವಿಧಾನಸಭೆಯಲ್ಲಿ ಈಗಲೇ ಯಾರಾದರೂ ಎದ್ದುನಿಂತು ಕೇಳಬೇಕು.