ಬಾಂದುಗಲ್ಲು ನೆಡದ ಜಾಗ

2016ರ ಫೆಬ್ರುವರಿ 12ರಂದು ಹುಬ್ಬಳ್ಳಿಯಲ್ಲಿ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರ ಅಂತಿಮ ದರ್ಶನಕ್ಕೆ ಸಾಲಿನಲ್ಲಿ ನಿಂತವರಲ್ಲಿ ನಾನೂ ಒಬ್ಬ. ಕುಂದಗೋಳ ತಾಲ್ಲೂಕಿನ ಬೆಟದೂರಿನವರು ಅವರು. ಆ ತಿಂಗಳ 3ರಂದು ಸಿಯಾಚಿನ್‌ನಲ್ಲಿ, ಸುಮಾರು 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿದು ಹತ್ತು ಮಂದಿ ಹೂತುಹೋದರು. ದಿನಗಟ್ಟಲೆ ಅಗೆದ ಮೇಲೆ ಉಸಿರಾಡುತ್ತ ಸಿಕ್ಕವರು ಇವರೊಬ್ಬರೇ. 11ರಂದು ದಿಲ್ಲಿಯ ಸೇನಾ ಆಸ್ಪತ್ರೆಯಲ್ಲಿ ಅವರೂ ತೀರಿಕೊಂಡರು. ಗುಂಡು ತಾಗಿ ಅಲ್ಲ. ಅಲ್ಲಿ 2003ರ ನವೆಂಬರಿನಿಂದ ಕದನವಿರಾಮವಿತ್ತು.

ನನ್ನ ಮುಂದೆ ನಿಂತಿದ್ದ ಪರಿಚಯದವರೊಬ್ಬರು ಹಿಂದಿರುಗಿ, ಕಣ್ಣೊರೆಸಿಕೊಳ್ಳುತ್ತ, "ಏನಾದ್ರೂ ಒಂದಿಂಚೂ ಬಿಡಬಾರದ್ರೀ ಮಾಸ್ತರ" ಅಂದರು. ಸಾವಿನ ಎದುರು ವಾದ ಮಾಡಬಾರದೆಂದು ಸುಮ್ಮನಾದೆ. ಆದರೆ ಈ ಮನುಷ್ಯ ಬದುವಿನ ಸಲುವಾಗಿ ಒಡಹುಟ್ಟಿದ ಅಣ್ಣನ ಮೇಲೆ ಹದಿನೆಂಟು ವರ್ಷ ಕೋರ್ಟಿಗೆ ಅಲೆದದ್ದು ನನಗೆ ಗೊತ್ತಿತ್ತು. ಕಡೆಗೆ ಸರ್ವೆಯವರು ಬಂದು, ಸರಪಳಿ ಹಿಡಿದು, ಪಂಚರ ಎದುರು ಬಾಂದುಗಲ್ಲು ನೆಟ್ಟು ಇಬ್ಬರಿಂದಲೂ ಸಹಿ ಹಾಕಿಸಿಕೊಂಡರು. ಒಂದು ಮಧ್ಯಾಹ್ನದ ಕೆಲಸ. ಅದರಲ್ಲಿ ಇವರೇ ಎರಡು ಗುಂಟೆ ಬಿಟ್ಟುಕೊಟ್ಟಿದ್ದರು.

ನಾನು ಮೂವತ್ತು ವರ್ಷ ಭೂಗೋಳ ಕಲಿಸಿದವನು. ಗೋಡೆಯ ನಕ್ಷೆಯ ಮೇಲೆ ಕೋಲಿಟ್ಟು ದೇಶದ ನೆತ್ತಿಯನ್ನು ತೋರಿಸುವಾಗ, ಆ ಮೂಲೆಯಲ್ಲಿ ಎರಡೂ ಕಡೆಯವರು ಒಪ್ಪಿ ಎಳೆದ ಗೆರೆಯೇ ಇಲ್ಲವೆಂದು ಮಕ್ಕಳಿಗೆ ಒಮ್ಮೆಯೂ ಹೇಳಲಿಲ್ಲ. ನನಗೇ ತಿಳಿದಿರಲಿಲ್ಲ.

ನಡೆದದ್ದಿಷ್ಟು. ಕಾಶ್ಮೀರದ ಮೊದಲ ಯುದ್ಧ 1949ರ ಜನವರಿ 1ರಂದು ನಿಂತಿತು. (ಹಿಂದಿನ ನವೆಂಬರಿನಲ್ಲಿ ನಮ್ಮ ಕೊಡಗಿನ ತಿಮ್ಮಯ್ಯನವರು ಜೋಜಿಲಾ ಕಣಿವೆಗೆ ಟ್ಯಾಂಕು ಹತ್ತಿಸಿ ಲಡಾಖಿನ ದಾರಿ ತೆರೆದಿದ್ದರು.) ಜುಲೈ 27ರಂದು ಕರಾಚಿಯಲ್ಲಿ ಎರಡೂ ಸೇನೆಯವರು ಕದನವಿರಾಮ ರೇಖೆಯನ್ನು ಬರೆದರು. ಊರು, ಹಳ್ಳ, ಗುಡ್ಡಗಳನ್ನು ಹೆಸರು ಹಿಡಿದು ಗುರುತಿಸುತ್ತ ಬಂದವರು ಕೊನೆಗೆ, ಅಲ್ಲಿಂದ ಉತ್ತರಕ್ಕೆ ಹಿಮನದಿಗಳತ್ತ, ಎಂದು ಬರೆದು ಲೇಖನಿ ಕೆಳಗಿಟ್ಟರು. ನರಪಿಳ್ಳೆಯೂ ಇರದ ಜಾಗಕ್ಕೆ ಯಾರು ಜಗಳವಾಡುತ್ತಾರೆ ಎಂದುಕೊಂಡಿರಬೇಕು. 1971ರ ಯುದ್ಧವಾಗಿ, ಸಿಮ್ಲಾ ಒಪ್ಪಂದವಾಗಿ, 1972ರ ಡಿಸೆಂಬರಿನಲ್ಲಿ ನಿಯಂತ್ರಣ ರೇಖೆಯನ್ನು ಗುರುತಿಸಿದಾಗಲೂ ಗೆರೆ ಅದೇ ಎನ್‌ಜೆ 9842 ಎಂಬ ಬಿಂದುವಿಗೆ ಬಂದು ನಿಂತಿತು. ತಪ್ಪು ಒಮ್ಮೆ ಆದರೆ ಮರೆವು ಅನ್ನಬಹುದು. ಎರಡು ಸಲ ಆದರೆ?

'ಉತ್ತರಕ್ಕೆ' ಎಂದರೆ ಸಾಲ್ಟೊರೊ ಬೆಟ್ಟಸಾಲಿನ ನೆತ್ತಿ ಹಿಡಿದು ಎಂದು ನಾವು ಓದಿದೆವು. ಪಾಕಿಸ್ತಾನ ಅದನ್ನು ಈಶಾನ್ಯಕ್ಕೆ, ಕಾರಕೋರಂ ಕಣಿವೆಯತ್ತ ಎಳೆಯಿತು. ಅದು ಯಾವ ಲೆಕ್ಕದಲ್ಲಿ ಉತ್ತರವೋ ನಾಲ್ಕನೆಯ ಇಯತ್ತೆಯ ಹುಡುಗನೂ ಕೇಳಿಯಾನು. ಎಪ್ಪತ್ತರ ದಶಕದಲ್ಲಿ ಅವರು ಪರ್ವತಾರೋಹಿಗಳಿಗೆ ಪರವಾನಗಿ ಕೊಡತೊಡಗಿದರು. 1984ರ ಏಪ್ರಿಲ್ 13ರಂದು ನಮ್ಮವರು ಹೆಲಿಕಾಪ್ಟರಿನಲ್ಲಿ ಮೊದಲೇ ಹೋಗಿ ಕಣಿವೆಗಳನ್ನು ಹಿಡಿದರು. ಆಗಿನಿಂದ ಆ ಎತ್ತರ ನಮ್ಮದು. ಪಾಕಿಸ್ತಾನದವರು ಸಿಯಾಚಿನ್ ಹಿಮನದಿಯ ಮೇಲೆ ಇಲ್ಲವೇ ಇಲ್ಲ, ಪಶ್ಚಿಮದ ಇಳಿಜಾರಿನಲ್ಲಿದ್ದಾರೆ. ತಮ್ಮ ಜನಕ್ಕೆ ಇದನ್ನು ಹೇಳಲಾರದೆ ಅವರು ನೆಲೆಗಳನ್ನು ಕಾಗದದ ಮೇಲೆ ಗುರುತಿಸಲು ಒಪ್ಪುವುದಿಲ್ಲ. ಇದು ಅವರ ಅಪ್ರಾಮಾಣಿಕತೆ.

ನಮ್ಮದು ಬೇರೆ ಬಗೆಯದು. ಸರ್ಕಾರವೇ ಹೇಳಿದ ಲೆಕ್ಕದಂತೆ 1984ರಿಂದ 2015ರ ಕೊನೆಯ ತನಕ ಅಲ್ಲಿ ಸತ್ತ ನಮ್ಮ ಯೋಧರು 869. ಹೆಚ್ಚಿನವರನ್ನು ಕೊಂದದ್ದು ಶತ್ರುವಲ್ಲ, ಚಳಿ, ಹಿಮ, ತೆಳುವಾದ ಗಾಳಿ. ಪ್ರತಿ ಸಾವಿಗೂ ನಾವು ಹೂ ಹಾಕುತ್ತೇವೆ, ಘೋಷಣೆ ಕೂಗುತ್ತೇವೆ, ಅಲ್ಲಿ ಯಾಕಿದ್ದೇವೆ ಎಂದು ಮಾತ್ರ ಕೇಳುವುದಿಲ್ಲ. ಕೇಳಿದವನು ದೇಶದ್ರೋಹಿ.

1989ರ ಜೂನ್‌ನಲ್ಲಿ ಸೇನೆಗಳನ್ನು ಹಿಂದೆ ಸರಿಸುವ ಆಧಾರದ ಮೇಲೆ ಇತ್ಯರ್ಥ ಮಾಡಿಕೊಳ್ಳುವುದಾಗಿ ಎರಡೂ ದೇಶಗಳು ಜಂಟಿ ಹೇಳಿಕೆ ಕೊಟ್ಟಿದ್ದವು. ಅಲ್ಲಿಗೇ ನಿಂತಿತು. 2005ರಲ್ಲಿ ಪ್ರಧಾನಿ ಮನಮೋಹನ ಸಿಂಗ್ ಅಲ್ಲಿಗೆ ಹೋಗಿ ಇದನ್ನು ಶಾಂತಿಪರ್ವತ ಮಾಡೋಣ ಎಂದರು. 2012ರ ಏಪ್ರಿಲ್ 7ರಂದು ಗಯಾರಿಯಲ್ಲಿ ಹಿಮ ಕುಸಿದು ಪಾಕಿಸ್ತಾನದ ಕಡೆಯ 140 ಮಂದಿ ಸತ್ತರು, ಅವರ ಸೇನಾ ಮುಖ್ಯಸ್ಥರೇ ಇಲ್ಲಿಂದ ಸೈನ್ಯ ಇಳಿಯಬೇಕು ಎಂದರು. ಜೂನ್‌ನಲ್ಲಿ ಹದಿಮೂರನೆಯ ಸುತ್ತಿನ ಮಾತುಕತೆಯಾಯಿತು. ಹದಿನಾಲ್ಕನೆಯದು ಆಗಲಿಲ್ಲ.

ಕಾರ್ಗಿಲ್ ಮರೆತಿರಾ ಎಂದು ನೀವು ಕೇಳುವಿರಿ. ಮರೆತಿಲ್ಲ. ಚಳಿಗಾಲದಲ್ಲಿ ಖಾಲಿ ಬಿಟ್ಟ ಠಾಣೆಗಳಿಗೆ ಅವರು ಬಂದು ಕೂತದ್ದು, 1999ರಲ್ಲಿ ಅವನ್ನು ಬಿಡಿಸಿಕೊಳ್ಳಲು ಐನೂರಕ್ಕೂ ಹೆಚ್ಚು ಪ್ರಾಣ ತೆತ್ತದ್ದು ನಿಜ. ಅದಕ್ಕೇ, ಮೊದಲು ನಮ್ಮ ನೆಲೆಗಳನ್ನು ಗುರುತಿಸಿ ಸಹಿ ಹಾಕಿ, ಆಮೇಲೆ ಇಳಿಯೋಣ, ಎಂಬ ನಮ್ಮ ಸೇನೆಯ ಪಟ್ಟು ನ್ಯಾಯವಾದದ್ದು. ಸರ್ವೆಯವರು ಕೇಳಿದ್ದೂ ಅದನ್ನೇ. ಆದರೆ ಸಹಿ ಬೇಕು ಎನ್ನುವವನು ಮೇಜಿಗೆ ಬರಬೇಕಲ್ಲವೆ? ಈಗ ನಮ್ಮ ವಾದವೂ ಬದಲಾಗಿದೆ. ಗಾಲ್ವಾನಿನಲ್ಲಿ 2020ರಲ್ಲಿ ಇಪ್ಪತ್ತು ಮಂದಿ ಸತ್ತ ಮೇಲೆ, ಸಿಯಾಚಿನ್ ಬೇಕಾಗಿರುವುದು ಚೀನಾ ಮತ್ತು ಪಾಕಿಸ್ತಾನ ಕೈ ಕೂಡಿಸದಂತೆ ತಡೆಯಲು ಎನ್ನುತ್ತಾರೆ. ಇರಬಹುದು. ಹಾಗಿದ್ದರೆ ಹಾಗೆಂದೇ ಹೇಳಲಿ. ಮೊದಲು ಹಿಮನದಿ ಹಿಡಿದು, ಆಮೇಲೆ ಹತ್ತು ವರ್ಷಕ್ಕೊಂದು ಕಾರಣ ಹುಡುಕುವುದು ಬೇಡ.

2025ರ ಏಪ್ರಿಲ್‌ನಲ್ಲಿ ಪಹಲ್ಗಾಮಿನಲ್ಲಿ 26 ಮಂದಿಯ ಕೊಲೆಯಾಯಿತು. ನಾವು ಸಿಂಧೂ ಜಲ ಒಪ್ಪಂದವನ್ನು ಅಮಾನತಿನಲ್ಲಿಟ್ಟೆವು, ಅವರು ಸಿಮ್ಲಾ ಒಪ್ಪಂದವನ್ನೂ ಹಾಗೆ ಮಾಡಬಲ್ಲೆವು ಎಂದರು. ಮೇ ತಿಂಗಳಲ್ಲಿ ನಾಲ್ಕು ದಿನ ಕಾದಾಡಿದ್ದೂ ಆಯಿತು. ಬರೆದ ಗೆರೆಯೇ ಅಳಿಸುವ ಹೊತ್ತಿನಲ್ಲಿ ಬರೆಯದ ಗೆರೆಯ ಮಾತು ಯಾಕೆ ಎಂದು ಗೆಳೆಯರು ಗದರಿದರು. ಸಿಯಾಚಿನ್‌ನಿಂದ ಇಳಿಯುವ ನುಬ್ರಾ ಹೊಳೆ ಶ್ಯೋಕ್ ಸೇರಿ, ಶ್ಯೋಕ್ ಸಿಂಧುವನ್ನು ಸೇರುತ್ತದೆ. ನಾಲ್ಕು ದಶಕ ಆ ಹಿಮದಲ್ಲಿ ಬಿದ್ದ ಹೊಲಸೂ ಅದರ ಜೊತೆಗೇ ಇಳಿಯುತ್ತದೆ ಎಂದೆ. ಅದಕ್ಕವರು ಉತ್ತರಿಸಲಿಲ್ಲ.

ಅವತ್ತು ಸಾಲು ಬಹಳ ನಿಧಾನವಾಗಿ ಸರಿಯಿತು. ಪರಿಚಯದವರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ನನ್ನ ಮಗನೂ ಅಲ್ಲೇ.