ಸೀಗೆಪುಡಿಯೂ ಪರಿಮಳದ ಮಾತೂ

ನಮ್ಮ ನುಡಿಯಲ್ಲಿ ಈಚಿನ ವರ್ಷಗಳಲ್ಲಿ ಅತ್ಯಂತ ಹೆಚ್ಚು ದುಡಿದು ಅತ್ಯಂತ ಕಡಮೆ ಅರ್ಥ ಕೊಡುತ್ತಿರುವ ಪದ ಯಾವುದೆಂದು ಯಾರಾದರೂ ಕೇಳಿದರೆ, ‘ನೈಸರ್ಗಿಕ’ ಎಂದು ನಾನು ತಡೆಯಿಲ್ಲದೆ ಹೇಳಿಯೇನು. ಸಾಬೂನಿನ ಹೊದಿಕೆಯ ಮೇಲೆ, ಊದುಬತ್ತಿಯ ಕಟ್ಟಿನ ಮೇಲೆ, ತಲೆ ತೊಳೆಯುವ ದ್ರವದ ಶೀಸೆಯ ಮೇಲೆ, ಎಲ್ಲೆಲ್ಲಿಯೂ ಅದೇ ಪದ. ಶೀಸೆಯ ಮುಂಭಾಗದಲ್ಲಿ ಹಸಿರು ಎಲೆಗಳ ನಡುವೆ ಸೀಗೆಕಾಯಿಯ ಚಿತ್ರ; ಹಿಂಭಾಗದಲ್ಲಿ ಇರುವೆಯ ಸಾಲಿನಂತಹ ಅಕ್ಷರಗಳಲ್ಲಿ ಒಳಗೇನಿದೆಯೆಂಬ ಪಟ್ಟಿ. ಆ ಪಟ್ಟಿಯಲ್ಲಿ ಸೀಗೆಯನ್ನು ಕಾಣಬೇಕಾದರೆ ಅನೇಕ ವೇಳೆ ಕೊನೆಯ ಸಾಲುಗಳವರೆಗೂ ಇಳಿಯಬೇಕಾಗುತ್ತದೆ.

ಈ ವ್ಯಾಪಾರಕ್ಕೆ ಬೇಸತ್ತವರು ಈಗ ಮತ್ತೆ ಒರಳು, ಬೀಸುಕಲ್ಲುಗಳ ಕಡೆಗೆ (ಮಿಕ್ಸಿಯ ಕಡೆಗೆ ಎಂದರೆ ಹೆಚ್ಚು ಸರಿಯಾದೀತು) ತಿರುಗಿದ್ದಾರೆ. ಕಡಲೆಹಿಟ್ಟಿಗೆ ಕಸ್ತೂರಿ ಅರಿಶಿನ ಬೆರೆಸಿ ಮೈಗೆ ಹಚ್ಚಿಕೊಳ್ಳುವವರು, ಅಂಟುವಾಳದ ಕಾಯಿ ನೆನೆಹಾಕಿ ತಲೆ ತೊಳೆಯುವವರು, ಒಣಗಿದ ಹೂವುಗಳನ್ನು ಪುಡಿಮಾಡಿ ಧೂಪ ಹಾಕುವವರು ನನ್ನ ಸಹೋದ್ಯೋಗಿಗಳಲ್ಲಿಯೂ ಇದ್ದಾರೆ. ನಾನೂ ಆ ಪಂಕ್ತಿಯವನೇ. ಏಳೆಂಟು ವರ್ಷಗಳಿಂದ ನಮ್ಮ ಮನೆಯ ಸೀಗೆಪುಡಿ ಮಾಡುವ ಕೆಲಸ ನನ್ನದು. ಆದುದರಿಂದ ಮುಂದಿನ ಮಾತುಗಳನ್ನು ಹೊರಗೆ ನಿಂತವನ ಪರಿಹಾಸವೆಂದು ವಾಚಕರು ಭಾವಿಸಲಾಗದು. ಮನೆಯಲ್ಲಿ ಮಾಡಿಕೊಳ್ಳುವುದು ಒಳ್ಳೆಯದೇ. ಆದರೆ ಅದನ್ನು ಹೊಗಳುವುದಕ್ಕೆ ನಾವು ಹೂಡುತ್ತಿರುವ ಕಾರಣಗಳಲ್ಲಿ ಹಲವು ಟೊಳ್ಳು. ಗಟ್ಟಿಯಾದ ಕಾರಣಗಳನ್ನು ಹೇಳುವವರು ಕಡಮೆ.

ಮೊದಲು ಗಟ್ಟಿಯಾದುದನ್ನೇ ನೋಡೋಣ. ಸೀಗೆ, ಅಂಟುವಾಳ, ಸುಜ್ಜಲ ಸೊಪ್ಪು (ಚಿಗರೆಪುಡಿ ಎಂದು ಕೆಲವು ಕಡೆ ಕರೆಯುವುದು ಇದರ ಪುಡಿಯನ್ನೇ), ಇವುಗಳಲ್ಲಿ ನೊರೆಗೊಡುವ ಒಂದು ಸತ್ತ್ವವಿದೆ. ರಸಾಯನಶಾಸ್ತ್ರದವರು ಅದಕ್ಕೆ ಸಪೋನಿನ್ ಎನ್ನುತ್ತಾರೆ. ಎಣ್ಣೆಯ ಜಿಡ್ಡನ್ನು ಹಿಡಿದು ನೀರಿಗೆ ಒಪ್ಪಿಸುವುದು ಅದರ ಕೆಲಸ. ಸಾಬೂನೂ ಮಾಡುವುದು ಇದನ್ನೇ. ಆದರೆ ಎಣ್ಣೆಗೆ ಕ್ಷಾರ ಕೂಡಿಸಿ ಮಾಡಿದ ಸಾಬೂನು ಸ್ವಭಾವದಿಂದ ಕ್ಷಾರ, ಸೀಗೆಯ ನೀರು ತುಸು ಹುಳಿಯ ಕಡೆಗಿನದು. ನಮ್ಮ ಬಯಲುಸೀಮೆಯ ಕೊಳವೆಬಾವಿಗಳ ಗಡಸು ನೀರಿನಲ್ಲಿ ಸಾಬೂನು ಸುಣ್ಣದ ಅಂಶದೊಡನೆ ಸೇರಿ ಒಡೆದ ಹಾಲಿನಂತೆ ಗಸಿಗಟ್ಟಿ ಕೂದಲಿಗೆ ಅಂಟಿಕೊಳ್ಳುತ್ತದೆ. ಸೀಗೆಗೆ ಆ ತೊಂದರೆಯಿಲ್ಲ. ಇದು ಯಾರ ಭಕ್ತಿಯನ್ನೂ ಬೇಡದ ಗುಣ. ಬಕೀಟಿನಲ್ಲಿ ನೀರಿಟ್ಟು ಯಾರು ಬೇಕಾದರೂ ಪರೀಕ್ಷಿಸಬಹುದು. ಮಲೆನಾಡಿನವರು ದಾಸವಾಳದ ಎಲೆಯನ್ನೋ ಮತ್ತಿಯ ಸೊಪ್ಪನ್ನೋ ಕಿವುಚಿ ತೆಗೆಯುವ ಲೋಳೆಗೆ ‘ಗೊಂಪು’ ಎಂಬ ಚೆಲುವಾದ ಹೆಸರಿದೆ. ಆ ಹೆಸರಿನಲ್ಲೇ ಕೈಗೆ ಜಾರುವ ತಂಪು ಇದೆಯೆಂದು ನನಗೆ ತೋರುತ್ತದೆ. ಅದನ್ನು ಶೀಸೆಯಲ್ಲಿ ತುಂಬಿ ಮಾರುವವರು ‘ಹೈಬಿಸ್ಕಸ್ ಜೆಲ್’ ಎಂದು ಕರೆದಾಗ ಹೋಗುವುದು ಒಂದು ಪದ ಮಾತ್ರವಲ್ಲ; ಯಾವ ಎಲೆ, ಎಷ್ಟು ನೀರು, ಎಷ್ಟು ಹೊತ್ತು ಕಿವುಚಬೇಕು ಎಂಬ ತಿಳಿವಳಿಕೆಯೂ ಅದರ ಬೆನ್ನಿಗೇ ಹೋಗುತ್ತದೆ.

ಪದಗಳ ಮಾತು ಬಂದುದರಿಂದ ಮೇಷ್ಟರ ಚಾಳಿಗೆ ಸ್ವಲ್ಪ ಎಡೆ ಕೊಡಬೇಕು. ‘ನಾತ’ ಎಂಬುದು ಹಳಗನ್ನಡದಲ್ಲಿ ಬರಿಯ ವಾಸನೆ. ಒಳ್ಳೆಯದೂ ಇರಬಹುದು, ಕೆಟ್ಟದ್ದೂ ಇರಬಹುದು. ಇಂದು ಅದು ಮೂಗು ಮುಚ್ಚಿಕೊಳ್ಳುವ ಮಾತು. ‘ವಾಸನೆ’ಯೂ ಅದೇ ದಾರಿ ಹಿಡಿದಿದೆ: ‘ಏನೋ ವಾಸನೆ ಬರುತ್ತಿದೆ’ ಎಂದರೆ ಯಾರೂ ಮಲ್ಲಿಗೆಯನ್ನು ಹುಡುಕುವುದಿಲ್ಲ. ‘ಕಂಪು’ ಕಾವ್ಯದಲ್ಲಿ ಉಳಿದಿದೆ, ‘ಘಮ’ ಅಡುಗೆಮನೆಯಲ್ಲಿ. ಇವೆಲ್ಲಕ್ಕಿಂತ ನನಗೆ ಪ್ರಿಯವಾದ ಪದ ‘ಪರಿಮಳ’. ಅಮರಕೋಶದ ಪ್ರಕಾರ ಅದು ಎಲ್ಲ ಸುಗಂಧಕ್ಕೂ ಸಲ್ಲುವ ಹೆಸರಲ್ಲ. ಉಜ್ಜಿದಾಗ, ಅರೆದಾಗ ಹೊಮ್ಮುವ ಮನೋಹರ ಗಂಧಕ್ಕೆ ಮಾತ್ರ ಆ ಹೆಸರು. ದೂರಕ್ಕೆ ಹಬ್ಬುವುದು ಬೇರೆ, ಅದು ‘ಆಮೋದ’. ಸಾಣೆಕಲ್ಲಿನ ಮೇಲೆ ಗಂಧದ ಕೊರಡನ್ನು ತೇಯದೆ ಪರಿಮಳವಿಲ್ಲ ಎಂಬುದನ್ನು ಕೋಶಕಾರನು ಪದದೊಳಗೇ ಇಟ್ಟಿದ್ದಾನೆ. ಗುಂಡಿಯನ್ನು ಒತ್ತಿದರೆ ಗೋಡೆಯ ಮೂಲೆಯಿಂದ ಸೀರಿಕೊಂಡು ಬರುವ ಮಲ್ಲಿಗೆಗೆ ಏನೆನ್ನಬೇಕೋ ಆತನಿಗೂ ಹೊಳೆಯುತ್ತಿರಲಿಲ್ಲ.

ಈ ವಿದ್ಯೆಯನ್ನು ನಮ್ಮ ಹಿಂದಿನವರು ಹಗುರವಾಗಿ ಎಣಿಸಿದವರಲ್ಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ನೋಡುವುದು, ಗಿಡಮರಗಳ ಆರೈಕೆ, ಅಡುಗೆ, ಇವುಗಳ ಜೊತೆಯಲ್ಲಿ ಸುಗಂಧದ್ರವ್ಯಗಳ ತಯಾರಿಕೆಗೂ ಸಮಾನವಾದ ಸ್ಥಾನವಿದೆ. ಅದಾದ ಶತಮಾನದಲ್ಲಿ ಕಲ್ಯಾಣದ ಚಾಳುಕ್ಯ ದೊರೆ ಮೂರನೆಯ ಸೋಮೇಶ್ವರನು ಸಂಸ್ಕೃತದ ‘ಮಾನಸೋಲ್ಲಾಸ’ದಲ್ಲಿ ಸ್ನಾನವನ್ನೂ ಧೂಪವನ್ನೂ ರಾಜಭೋಗಗಳ ಸಾಲಿನಲ್ಲಿ ಸೇರಿಸಿದನು. ಅವರಿಗಿಂತ ಬಹಳ ಹಿಂದೆ, ಆರನೆಯ ಶತಮಾನದ ವರಾಹಮಿಹಿರನು ‘ಬೃಹತ್ಸಂಹಿತೆ’ಯ ಗಂಧಯುಕ್ತಿ ಪ್ರಕರಣದಲ್ಲಿ ಒಂದು ಲೆಕ್ಕ ಹಾಕಿದ್ದಾನೆ. ಹದಿನಾರು ದ್ರವ್ಯಗಳಿಂದ ನಾಲ್ಕು ನಾಲ್ಕನ್ನು ಆರಿಸಿದರೆ 1,820 ಗುಂಪುಗಳು. ಒಂದೊಂದು ಗುಂಪಿನಲ್ಲಿಯೂ ಪ್ರಮಾಣಭೇದದಿಂದ 96 ಬಗೆಗಳು. ಒಟ್ಟು 1,74,720 ಗಂಧಗಳು. ಗಣಿತದ ವಿದ್ಯಾರ್ಥಿಗಳು ಗುಣಿಸಿ ನೋಡಲಿ, ತಪ್ಪಿಲ್ಲ. ಸುಗಂಧವನ್ನು ಬೆರೆಸುವವನು ಎಣಿಸಬಲ್ಲವನಾಗಿರಬೇಕೆಂದು ಆ ಕಾಲದಲ್ಲಿ ತಿಳಿದಿದ್ದರು.

ಇನ್ನು ಟೊಳ್ಳಿನ ವಿಷಯ. ‘ಅಜ್ಜಿಯ ಕಾಲದಲ್ಲಿ ಎಲ್ಲವೂ ನಮ್ಮ ಹಿತ್ತಿಲಿನದೇ’ ಎಂಬುದು ಮೊದಲನೆಯ ಭ್ರಮೆ. ಅಜ್ಜಿ ಬಾಣಂತಿಯ ಕೂದಲಿಗೆ ಹಾಕಿದ ಲೋಬಾನ ಹಿತ್ತಿಲಿನಲ್ಲಿ ಬೆಳೆದದ್ದಲ್ಲ. ಸುಮಾತ್ರದ ಕಡೆಯ ಮರಗಳ ಆ ಅಂಟನ್ನು ಅರಬ್ಬೀ ವರ್ತಕರು ‘ಜಾವಾದ ಲುಬಾನ್’ ಎಂದು ಕರೆದು ಹಡಗಿನಲ್ಲಿ ತಂದರು. ಇಂದು ದೇವರ ಮುಂದೆ ಉರಿಯುವ ಕರ್ಪೂರದ ಬಹುಭಾಗ ಪೈನ್ ಮರದ ಟರ್ಪೆಂಟೈನಿನಿಂದ ಕಾರ್ಖಾನೆಯಲ್ಲಿ ಆದದ್ದು. ಪರಿಮಳ ಎಂದಿನಿಂದಲೂ ಪರದೇಶದ ಸಂಬಂಧ ಇಟ್ಟುಕೊಂಡೇ ಬಾಳಿದೆ; ಅದರಲ್ಲಿ ನಾಚಿಕೆಪಡಬೇಕಾದುದೇನೂ ಇಲ್ಲ.

ಗಿಡದಿಂದ ಬಂದದ್ದೆಲ್ಲ ನಿರಪಾಯವೆಂಬುದು ಎರಡನೆಯದು, ಮತ್ತು ಹೆಚ್ಚು ಅಪಾಯದ್ದು. ಸ್ನಾನದ ಪುಡಿಗೆ ಸೇರಿಸುವ ಬಾವಂಚಿಯ ಬೀಜ ಚರ್ಮವನ್ನು ಬಿಸಿಲಿಗೆ ಅತಿಸೂಕ್ಷ್ಮವಾಗಿಸುತ್ತದೆ. ಹಚ್ಚಿಕೊಂಡು ಬಿಸಿಲಿಗೆ ಹೋದವರಿಗೆ ಬೊಬ್ಬೆ ಏಳುವುದುಂಟು. ಅಂಟುವಾಳದ ನೀರು ಕಣ್ಣಿಗೆ ಬಿದ್ದರೆ ಏನಾಗುತ್ತದೆಂಬುದನ್ನು ಬಿದ್ದವರೇ ಬಲ್ಲರು. ಮುಚ್ಚಿದ ಕೋಣೆಯಲ್ಲಿ ಹಾಕಿದ ಧೂಪ ಎಷ್ಟೇ ಶುದ್ಧವಾಗಿರಲಿ, ಹೊಗೆ ಹೊಗೆಯೇ. ಕೆಮ್ಮುವ ಮಗುವಿರುವ ಮನೆಯಲ್ಲಿ ಕಿಟಕಿ ತೆರೆಯದೆ ಹಾಕತಕ್ಕದ್ದಲ್ಲ. ಸಾಬೂನನ್ನು ಮನೆಯಲ್ಲೇ ಬೇಯಿಸುತ್ತೇವೆನ್ನುವ ಉತ್ಸಾಹಿಗಳಿಗಂತೂ ಎರಡು ಮಾತು ಹೇಳಲೇಬೇಕು. ಒಂದು ಕಿಲೋ ಕೊಬ್ಬರಿ ಎಣ್ಣೆಗೆ ಸುಮಾರು 180 ಗ್ರಾಂ ಕಾಸ್ಟಿಕ್ ಸೋಡ ಹಿಡಿಯುತ್ತದೆ. ಇದು ಕಣ್ಣಳತೆಯ ಕೆಲಸವಲ್ಲ, ತಕ್ಕಡಿಯ ಕೆಲಸ. ಸೋಡವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಸೋಡದ ಮೇಲೆ ಸುರಿಯಬಾರದು. ‘ನೈಸರ್ಗಿಕ ಸಾಬೂನು’ ಎಂದು ಹೆಸರಿಟ್ಟ ಮಾತ್ರಕ್ಕೆ ಸೋಡ ಸುಡುವುದನ್ನು ಬಿಡದು.

ಮೂರನೆಯದನ್ನು ಹೇಳುವಾಗ ಈ ಪುಟದ ಲೇಖಕಬಂಧುಗಳು ಮುನಿಯಬಾರದು. ಅಭ್ಯಂಜನದ ಸುಖವನ್ನು ಕುರಿತು ಕನ್ನಡದಲ್ಲಿ ಪ್ರಬಂಧಗಳಿಗೆ ಬರವಿಲ್ಲ. ಆ ಪ್ರಬಂಧಗಳಲ್ಲಿ ಹಂಡೆಯ ನೀರು ತಾನಾಗಿ ಕಾಯುತ್ತದೆ, ಸೀಗೆ ತಾನಾಗಿ ಪುಡಿಯಾಗುತ್ತದೆ, ಬಚ್ಚಲಿನ ಜಿಡ್ಡು ತಾನಾಗಿ ಹೋಗುತ್ತದೆ. ಎಣ್ಣೆ ಹಚ್ಚಿಕೊಂಡು ಮಣೆಯ ಮೇಲೆ ಕುಳಿತವನ ಕಣ್ಣಿಗೆ ಬಚ್ಚಲೊಲೆಯ ಬೆಂಕಿ ಕವಿತೆಯಂತೆ ಕಂಡದ್ದು ನಿಜ. ಹಸಿ ಕಟ್ಟಿಗೆಯನ್ನು ಊದಿ ಊದಿ ಆ ಬೆಂಕಿ ಮಾಡಿದವಳಿಗೆ ಹಾಗೆ ಕಂಡಿತೇ ಎಂದು ಯಾರೂ ಕೇಳಲಿಲ್ಲ. ಒಣಸೀಗೆಯನ್ನು ಒರಳಿಗೆ ಹಾಕಿ ಕುಟ್ಟುವುದು ಸಾಮಾನ್ಯ ಕೆಲಸವಲ್ಲ. ಮೊದಲ ಪೆಟ್ಟಿಗೇ ಏಳುವ ದೂಳು ಮೂಗಿಗೂ ಗಂಟಲಿಗೂ ಇಳಿಯುತ್ತದೆ. ಸೆರಗನ್ನು ಬಾಯಿಗೆ ಬಿಗಿದು ಕಟ್ಟಿಕೊಂಡರೂ ಎರಡು ದಿನ ಸೀನು ನಿಲ್ಲದು. ಇಂದೂ ಮೈಸೂರು, ಬೆಂಗಳೂರುಗಳ ಬೀದಿಗಳಲ್ಲಿ ಮನೆಯ ಜಗಲಿಯ ಮೇಲೆ ಕುಳಿತು ಊದುಬತ್ತಿ ಹೊಸೆಯುವವರು ಹೆಂಗಸರೇ, ಕೂಲಿ ಸಿಗುವುದು ಸಾವಿರ ಕಡ್ಡಿಗಳ ಲೆಕ್ಕದಲ್ಲಿ. ನಮ್ಮ ನಡುಮನೆಯ ಸುಗಂಧ ಅವರ ಕೈಗೆ ಅಂಟಿದ ಕಪ್ಪು. ‘ಮನೆಯಲ್ಲೇ ಮಾಡಿಕೊಳ್ಳಿ’ ಎಂಬ ಉಪದೇಶ ಮನೆಯ ಗಂಡಸಿಗೂ ಅನ್ವಯಿಸುವುದಾದರೆ ಮಾತ್ರ ಅದು ಸಾರ್ಥಕ. ಇಲ್ಲದಿದ್ದರೆ ಹೆಂಗಸರು ಕಷ್ಟಪಟ್ಟು ಇಳಿಸಿಕೊಂಡ ಹೊರೆಯನ್ನು ಹಸಿರು ಬಣ್ಣ ಬಳಿದು ಮತ್ತೆ ಅವರ ತಲೆಗೇ ಹೊರಿಸಿದಂತೆ.

ಶ್ರೀಗಂಧದ ಕಥೆಯನ್ನು ಬಿಟ್ಟು ಈ ವಿಷಯ ಮುಗಿಯುವಂತಿಲ್ಲ. 1792ರಲ್ಲಿ ಟೀಪೂ ಸುಲ್ತಾನನು ಅದನ್ನು ರಾಜವೃಕ್ಷವೆಂದು ಸಾರಿದಂದಿನಿಂದ ಆ ಮರ ಬೆಳೆದ ಹೊಲದ ಒಡೆಯನಿಗೇ ಪರಕೀಯವಾಯಿತು. 1914ರ ಮಹಾಯುದ್ಧದಿಂದ ಕೊರಡುಗಳು ಯೂರೋಪಿಗೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ಎಣ್ಣೆಯ ಕಾರ್ಖಾನೆಯನ್ನು ತೆರೆಯಿತು. ಅದರ ಬೆನ್ನಿಗೇ ಬೆಂಗಳೂರಿನ ಸಾಬೂನು ಬಂದಿತು. ಸಂಕಟವನ್ನು ಸಂಪತ್ತಾಗಿಸಿದ ಆ ಸಾಹಸಕ್ಕೆ ಕೈಮುಗಿಯಬೇಕು. ಆದರೆ ಚೇಗು ಬಲಿತು ಗಂಧ ಕೂಡಲು ದಶಕಗಳು ಬೇಕು. ಕಳ್ಳನ ಗರಗಸಕ್ಕೆ ಒಂದು ರಾತ್ರಿ ಸಾಕು. 1998ರಲ್ಲಿ ಅದು ಅಪಾಯಕ್ಕೆ ಒಳಗಾಗಬಹುದಾದ ಪ್ರಭೇದಗಳ ಅಂತರರಾಷ್ಟ್ರೀಯ ಪಟ್ಟಿ ಸೇರಿತು. ಬೆಳೆದವನಿಗೆ ಮರದ ಮೇಲೆ ಹಕ್ಕು ದೊರೆತದ್ದು 2001ರ ಕಾಯಿದೆ ತಿದ್ದುಪಡಿಯಿಂದ, ಎಂದರೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಮೇಲೆ. ಹೀಗಿರುವಾಗ ಮನೆಯ ಸುಗಂಧಕ್ಕೆ ಶ್ರೀಗಂಧವೇ ಆಗಬೇಕೆಂಬ ಹಟ ನನಗೆ ಹಿಡಿಸದು. ಒಣಗಿದ ಮೇಲೂ ಕಂಪು ಬಿಡದ ಸುರಗಿ ಇದೆ, ಬಕುಳ ಇದೆ. ಕುಡಿಯುವ ನೀರಿನ ಮಡಕೆಗೆ ಹಾಕುವ ಲಾವಂಚ ಇದೆ. ಬಟ್ಟೆಯ ಪೆಟ್ಟಿಗೆಗೆ ಕೇದಗೆಯ ಗರಿ ಇದೆ. ಹೂವಾಡಗಿತ್ತಿಯ ಬುಟ್ಟಿಯಲ್ಲಿ ಮರುಗವೂ ದವನವೂ ಇವೆ. ಇವುಗಳ ಹೆಸರು ಬರುವ ಪದ್ಯಗಳನ್ನು ನಮ್ಮ ವಿದ್ಯಾರ್ಥಿಗಳು ಬಾಯಿಪಾಠ ಮಾಡುತ್ತಾರೆ, ಟಿಪ್ಪಣಿಯಲ್ಲಿ ‘ಒಂದು ಬಗೆಯ ಹೂವು’ ಎಂದು ಬರೆದು ಅಂಕ ಪಡೆಯುತ್ತಾರೆ. ಮೂಸಿದವರು ತೀರ ವಿರಳ.

ಈ ಟಿಪ್ಪಣಿಯ ಕಾಟ ತಾಳಲಾರದೆ ಎರಡು ವರ್ಷಗಳ ಹಿಂದೆ ನನ್ನ ತರಗತಿಯವರಿಗೆ ಒಂದು ಕೆಲಸ ಒಪ್ಪಿಸಿದೆ. ಮನೆಯ ಹಿರಿಯರು ಮೈಗೂ ತಲೆಗೂ ಏನು ಹಚ್ಚುತ್ತಿದ್ದರು, ಮನೆಗೆ ಏನು ಧೂಪ ಹಾಕುತ್ತಿದ್ದರು ಎಂಬುದನ್ನು ಅವರ ಮಾತಿನಲ್ಲೇ, ತಿದ್ದದೆ ಬರೆದು ತರಬೇಕು. ಬಂದ ಪುಸ್ತಕಗಳಲ್ಲಿ ಅಳತೆಗಳನ್ನು ಓದುವುದೇ ಒಂದು ಸಂತೋಷ. ಸೇರು, ಪಾವು, ಹಿಡಿ, ಚಿಟಿಕೆ, ‘ಅಂಗೈಗುಳಿ ತುಂಬ’, ‘ಮೂಗು ಒಪ್ಪುವಷ್ಟು’. ಮೆಂತ್ಯ ಹಾಕುವವರು ಹೆಸರುಕಾಳು ಹಾಕುವವರನ್ನು ಒಪ್ಪುವುದಿಲ್ಲ. ಕಿತ್ತಳೆಯ ಸಿಪ್ಪೆ ಹಾಕುವವರು ಇಬ್ಬರನ್ನೂ ಒಪ್ಪುವುದಿಲ್ಲ. ಕೊನ್ನಾರಿಗಡ್ಡೆಯನ್ನು ಯಾವ ತಿಂಗಳು ಅಗೆದರೆ ಗಂಧ ಹೆಚ್ಚೆಂಬುದರ ಮೇಲೆ ಒಂದೇ ಊರಿನ ಇಬ್ಬರು ಅಜ್ಜಿಯರಿಗೆ ವ್ಯಾಜ್ಯವಿದೆ. ಇವರಾರೂ ಪುಸ್ತಕ ಬರೆಯಲಿಲ್ಲ. ಚಾವುಂಡರಾಯನಾದರೂ ಇಂತಹವರನ್ನು ಕೇಳದೆ ಬರೆದಿರಲಾರನೆಂದು ನನ್ನ ಊಹೆ.

ಒಬ್ಬ ಹುಡುಗ ಮಾತ್ರ ಏನನ್ನೂ ತರಲಿಲ್ಲ. ಕೇಳಿದಾಗ ತಲೆ ತಗ್ಗಿಸಿ ನಿಂತ. ಆತನ ಅಜ್ಜಿ ಕೆರೆಯ ದಡದ ಜೇಡಿಮಣ್ಣಿನಲ್ಲಿ ತಲೆ ತೊಳೆಯುತ್ತಿದ್ದಳು, ಪಾತ್ರೆಗೂ ಬಟ್ಟೆಗೂ ಒಲೆಯ ಬೂದಿ. ಇದನ್ನು ಬರೆಯುವುದು ಹೇಗೆ, ಸಾರ್, ಎಂದ. ಬೇರೆಲ್ಲರಿಗಿಂತ ನೀನೇ ಬರೆಯಬೇಕಾದುದು ಎಂದೆ. ಯಾವ ಕೆರೆ, ಯಾವ ದಡ, ಮಣ್ಣಿನ ಬಣ್ಣ ಯಾವುದು, ಅದನ್ನು ಅಗೆಯಲು ಊರಿನವರು ಬಿಡುತ್ತಿದ್ದರೇ, ಯಾವ ಹೊತ್ತಿನಲ್ಲಿ ಹೋಗುತ್ತಿದ್ದಳು, ಎಲ್ಲವನ್ನೂ ಕೇಳಿಕೊಂಡು ಬಾ ಎಂದು ಕಳುಹಿಸಿದೆ. ಆತ ತಂದ ನಾಲ್ಕು ಪುಟಗಳು ಉಳಿದ ಪುಸ್ತಕಗಳ ಜೊತೆಯಲ್ಲಿ ನಮ್ಮ ವಿಭಾಗದ ಬೀರುವಿನಲ್ಲಿವೆ. ಕನ್ನಡ ವಿಭಾಗಗಳು ತಮ್ಮ ತಮ್ಮ ಊರಿನಲ್ಲಿ ಇಷ್ಟನ್ನಾದರೂ ಮಾಡಬಹುದು. ಇದಕ್ಕೆ ಅನುದಾನ ಬೇಡ, ಸುತ್ತೋಲೆ ಬೇಡ. ಇನ್ನೂರು ಪುಟದ ಒಂದು ನೋಟುಬುಕ್ಕು ಮತ್ತು ಇನ್ನೂ ನೆನಪಿರುವ ಒಬ್ಬ ಹಿರಿಯರು ಇದ್ದರಾಯಿತು. ಹಾಗೆ ನೆನಪಿರುವವರು ವರ್ಷವರ್ಷಕ್ಕೂ ಕಡಮೆಯಾಗುತ್ತಿದ್ದಾರೆ. ಆ ಹುಡುಗನ ಅಜ್ಜಿ ಈ ಸಲದ ಯುಗಾದಿಗೆ ಇರಲಿಲ್ಲ.

ನಮ್ಮ ಸಂಗ್ರಹದಲ್ಲಿ ಕರಾವಳಿಯದು ಇನ್ನೂ ಒಂದೂ ಇಲ್ಲ, ಬೀದರ, ಕಲಬುರಗಿಗಳ ಕಡೆಯವು ಎರಡೇ. ಆ ಕಡೆಯ ಅಧ್ಯಾಪಕಮಿತ್ರರು ಮನಸ್ಸು ಮಾಡಿದರೆ ಬಿಸಿಲು ಹೋಗಿ ಮಳೆ ಹಿಡಿಯುವುದರೊಳಗೆ, ಸೀಗೆ ಒಣಗಿಸುವ ದಿನಗಳಲ್ಲೇ, ಕೇಳಿ ಬರೆಸಬಹುದು.